ಹುಣಸೆಮರದ ಹತ್ತಿರ ಓಲ್ಡಾನ್

ನನ್ನ ಗಂಟಲು ನಮ್ಮಪ್ಪನಿಂದ ಬಂದದ್ದು. ಅಪ್ಪ ಮಂಡ್ಯದ ಹತ್ತಿರ ವಿ.ಸಿ. ಫಾರಂಗೆ, ಅಂದರೆ ಕೃಷಿ ಸಂಶೋಧನಾ ಕೇಂದ್ರಕ್ಕೆ, ಕೂಲಿಗೆ ಹೋಗುತ್ತಿದ್ದರು. ಭತ್ತ ಹಾಲುಗಟ್ಟುವ ಕಾಲಕ್ಕೆ ಅವರಿಗೆ ಹಕ್ಕಿ ಕಾಯುವ ಕೆಲಸ ಬೀಳುತ್ತಿತ್ತು. ಹೊಸ ತಳಿಗಳನ್ನು ಪರೀಕ್ಷೆಗೆಂದು ಹಾಕಿದ ಸಣ್ಣ ಸಣ್ಣ ತಾಕುಗಳು ಅವು; ಹಕ್ಕಿ ಬಾಯಿ ಹಾಕಿದರೆ ವಿಜ್ಞಾನಿಗಳ ವರ್ಷದ ಕೆಲಸವೆಲ್ಲ ಮಣ್ಣುಪಾಲು. ಅಪ್ಪ ಬದುವಿನ ಮೇಲೆ ನಿಂತು "ಓಹೋಯ್" ಎಂದರೆ ಗಿಣಿ, ಗುಬ್ಬಿ, ಗೀಜಗ ಎಲ್ಲ ನಾಲೆಯ ಆಚೆ. ಡಬ್ಬ ಬಡಿಯುವವರು ಇದ್ದರು, ಪಟಾಕಿ ಹಚ್ಚುವವರು ಇದ್ದರು. ಅಪ್ಪನಿಗೆ ಅದ್ಯಾವುದೂ ಬೇಕಿರಲಿಲ್ಲ. ಬುತ್ತಿ ತೆಗೆದುಕೊಂಡು ಹೋದ ನಾನೂ ಪಕ್ಕದಲ್ಲಿ ನಿಂತು ಕೂಗುತ್ತಿದ್ದೆ. "ನನ್ ಮಗ್ಳು ಕೂಗುದ್ರೆ ಸ್ರೀರಂಗಪಟ್ಣದ ಗಂಟ ಕೇಳ್ಬೇಕು" ಎಂದು ಅಪ್ಪ ಬೀಗುತ್ತಿದ್ದರು.

ಆ ಗಂಟಲು ನನಗೆ ಕೈಕೊಟ್ಟ ವರ್ಷದ ಮಾತು ಇದು. ಜೊತೆಗೆ ಒಂದು ಇಂಗ್ಲಿಷ್ ಮಾತಿನ ಸಮಾಚಾರವೂ ಇದೆ. ನಾನು ಇಂಗ್ಲಿಷ್ ಟೀಚರು. ಆ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಮನೆ ಮದ್ದೂರಿನಲ್ಲಿ. ಸ್ಕೂಲು ಇರುವುದು ಮಳವಳ್ಳಿ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಹಳ್ಳಿಯಲ್ಲಿ. ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ಕ್ಲಾಸಿನಲ್ಲಿ ನಾನು ಪದ್ಯ ಓದಿದರೆ ಪಕ್ಕದ ಕ್ಲಾಸಿನವರಿಗೆ ಅದು ಪುಕ್ಕಟೆ ಪಾಠ. ಗಣಿತದ ಮೇಷ್ಟ್ರು ಒಮ್ಮೆ ಬಾಗಿಲಿಗೆ ಬಂದು ಕೈಮುಗಿದು, "ಮೇಡಂ, ನನ್ನ ಮಕ್ಕಳು ಲೆಕ್ಕದ ಉತ್ತರಕ್ಕೆ ನಿಮ್ಮ ಪದ್ಯ ಬರೀತಾವ್ರೆ" ಎಂದು ಹೇಳಿ ಹೋದರು. ಮಕ್ಕಳು ನನಗಿಟ್ಟ ಹೆಸರು ಮೈಕ್ ಮೇಡಂ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದವು, ಪಾಪ.

ದಿನಾ ಬೆಳಿಗ್ಗೆ ಮದ್ದೂರಿನಿಂದ ಬಸ್ಸು. ಸ್ಕೂಲಿಗೆ ಹತ್ತಿರವಾಗುವ ಜಾಗದಲ್ಲಿ ಸ್ಟಾಪು ಅಂತ ಏನೂ ಇಲ್ಲ. ಒಂದು ಹುಣಸೆಮರ ಇದೆ, ಅಷ್ಟೇ. ಮರ ಬರುವ ಮುಂಚೆಯೇ ಕೂಗಬೇಕು. ಕೂಗದಿದ್ದರೆ ಬಸ್ಸು ಮುಂದಿನ ಊರಿಗೆ ಹೋಗಿಯೇ ನಿಲ್ಲುವುದು. ಮೊದಲ ದಿನ ನಾನು ಎದ್ದು ನಿಂತು, ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡು, "ಸ್ಟಾಪ್ ಪ್ಲೀಸ್" ಎಂದೆ. ಬಸ್ಸು ನಿಲ್ಲಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಆಗ ಕಂಡಕ್ಟರು ತಿರುಗಿ, "ಅಯ್ಯೋ ಮೇಡಂ, ನೀವು ಇಂಗ್ಲಿಸ್ನಲ್ಲಿ ಯೋಳುದ್ರೆ ಡ್ರೈವರಣ್ಣಂಗೆ ಎಂಗೆ ಗೊತ್ತಾಯ್ತದೆ? ಓಲ್ಡಾನ್ ಅನ್ನಿ" ಎಂದರು. ಇಡೀ ಬಸ್ಸು ಹೌದೆಂದು ತಲೆ ಆಡಿಸಿತು.

ಅವತ್ತಿನಿಂದ ನೋಡುತ್ತೇನೆ, ಎಲ್ಲಿ ಹೋದರೂ ಅದೇ. ಕಬ್ಬಿನ ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಡುವಾಗ ಹಿಂದೆ ನಿಂತವನು "ಬರ್ಲಿ, ಬರ್ಲಿ, ಬರ್ಲಿ, ಓಲ್ಡಾನ್!" ಎನ್ನುತ್ತಾನೆ. ಮದುವೆ ಊಟದಲ್ಲಿ ಸಾರು ಬಡಿಸುವವನ ಸೌಟಿಗೆ ಅಂಗೈ ಅಡ್ಡ ಇಟ್ಟು "ಓಲ್ಡಾನ್, ಓಲ್ಡಾನ್" ಎನ್ನುತ್ತಾರೆ. ಯಾರಾದರೂ ಬುರುಡೆ ಬಿಡುತ್ತಿದ್ದರೆ ಪಕ್ಕದಲ್ಲಿ ಕೂತವನು ಭುಜ ಹಿಡಿದು "ಓಲ್ಡಾನ್ ಕಣ್ಲಾ" ಎಂದು ಬ್ರೇಕು ಹಾಕುತ್ತಾನೆ. ನಮ್ಮತ್ತೆಗೆ ಇಂಗ್ಲಿಷಿನ ಒಂದಕ್ಷರ ಬಾರದು. ಅವರೂ ಹಾಲು ಕರೆಯುವಾಗ ಒದೆಯುವ ಹಸುವಿಗೆ ಹೇಳುವುದು ಓಲ್ಡಾನ್.

ಕ್ಲಾಸಿನಲ್ಲಿ ನಾನು ಬಿಡುತ್ತೇನೆಯೇ? ಹಲಗೆಯ ಮೇಲೆ ದೊಡ್ಡದಾಗಿ ಬರೆದು, "ಇದು ಹೋಲ್ಡ್ ಆನ್. ಎರಡು ಪದ. ಹ ಇದೆ, ಹ! ಅರ್ಥ, ಬಿಡದೆ ಹಿಡಿದುಕೋ. ಫೋನಿನಲ್ಲಿ ಹೇಳಿದರೆ, ಸ್ವಲ್ಪ ತಾಳು. ಬಸ್ ನಿಲ್ಲಿಸು ಅಂತ ಯಾವ ಡಿಕ್ಷನರಿಯಲ್ಲೂ ಇಲ್ಲ" ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಮಕ್ಕಳು ಒಕ್ಕೊರಲಿನಿಂದ ಹ ಸೇರಿಸಿ ಹೇಳುತ್ತಿದ್ದವು. ಸಂಜೆ ಅವೇ ಮಕ್ಕಳು ಬಸ್ಸಿನಲ್ಲಿ ನನ್ನ ಎದುರಿಗೇ "ಓಲ್ಡಾನ್" ಎಂದು ಕೂಗಿ ಇಳಿದು, ಕೆಳಗೆ ನಿಂತು ನನಗೆ ಟಾಟಾ ಮಾಡುತ್ತಿದ್ದವು. ಕೋಪ ಬರುತ್ತದೋ ಇಲ್ಲವೋ ನೀವೇ ಹೇಳಿ.

ಆದರೆ ಆ ಬಸ್ಸಿನಲ್ಲಿ ಒಂದು ಪದ್ಧತಿ ಇತ್ತು. ಈಗಲೂ ಇದೆ. ಇಳಿಯುವವರು ಹಿಂದಿನ ಸೀಟಿನಲ್ಲಿ ಕೂತು ಓಲ್ಡಾನ್ ಎಂದರೆ ಡ್ರೈವರಿಗೆ ಕೇಳುವುದಿಲ್ಲ. ಎಂಜಿನ್ನಿನ ಸದ್ದು, ಕಿಟಕಿ ಗಾಜಿನ ಸದ್ದು, ಜನರ ಸದ್ದು. ಹಾಗಾಗಿ ಮುಂದಿನ ಸೀಟಿನವರು ಅದನ್ನು ಎತ್ತಿಕೊಳ್ಳುತ್ತಾರೆ. ಅವರಿಂದ ಅವರ ಮುಂದಿನವರು. ಯಾರು ಇಳಿಯುತ್ತಾರೆ, ಯಾಕೆ ಇಳಿಯುತ್ತಾರೆ, ಯಾರೂ ಕೇಳುವುದಿಲ್ಲ. ನಿದ್ದೆಯಲ್ಲಿದ್ದವರೂ ಕಣ್ಣು ಮುಚ್ಚಿಕೊಂಡೇ "ಓಲ್ಡಾನ್" ಎಂದು ಮುಂದಕ್ಕೆ ತಳ್ಳಿ ಮತ್ತೆ ಗೊರಕೆ ಹೊಡೆಯುತ್ತಾರೆ. ನನಗೆ ಮಾತ್ರ ಈ ಸಹಾಯ ಯಾವತ್ತೂ ಬೇಕಾಗಿರಲಿಲ್ಲ. ಕೊನೆಗೆ ನಾನೂ ಹುಣಸೆಮರದ ಹತ್ತಿರ ಹ ಸೇರಿಸಿ "ಹೋಲ್ಡಾನ್!" ಎನ್ನತೊಡಗಿದ್ದೆ, ಮತ್ತು ನಾನು ಕೂಗಿದರೆ ಡ್ರೈವರು ಬೆಚ್ಚಿಬಿದ್ದು ಬ್ರೇಕು ಒತ್ತುತ್ತಿದ್ದರು.

ಗಂಟಲು ಮೊದಲು ಒಡೆಯಿತು. ಶೀತ ಅಂದುಕೊಂಡೆ. ಮೆಣಸಿನ ಕಷಾಯ ಕುಡಿದೆ, ಅರಿಸಿನ ಹಾಲು ಕುಡಿದೆ, ಲವಂಗ ಬಾಯಲ್ಲಿಟ್ಟುಕೊಂಡೇ ಪಾಠ ಮಾಡಿದೆ. ತಿಂಗಳುಗಳು ಕಳೆದರೂ ಸರಿಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದನಿ ಪೂರ್ತಿ ಕಟ್ಟಿಬಿಡುತ್ತಿತ್ತು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಹುಣಸೆಮರ ಬಂತು, ನಾನು ಎದ್ದು ನಿಂತು ಬಾಯಿ ತೆರೆದೆ. ಪಂಕ್ಚರಾದ ಟ್ಯೂಬಿನ ಹಾಗೆ ಗಾಳಿ ಬಂತೇ ಹೊರತು ಸದ್ದು ಬರಲಿಲ್ಲ. ಮರ ಹಿಂದಕ್ಕೆ ಹೋಯಿತು. ಮುಂದಿನ ಊರಿನಲ್ಲಿ ಇಳಿದು, ಬಿಸಿಲಲ್ಲಿ ನಡೆದುಕೊಂಡು ವಾಪಸ್ಸು ಬಂದೆ. ದಾರಿಯುದ್ದಕ್ಕೂ ಆ ಡ್ರೈವರಿಗೆ, ಆ ಬಸ್ಸಿಗೆ, ನನ್ನ ಗಂಟಲಿಗೆ ಮನಸ್ಸಿನಲ್ಲೇ ಬಯ್ದೆ. ಒಳಗೊಳಗೆ ಹೆದರಿದ್ದೆ.

ಅದನ್ನು ಒಬ್ಬರು ನೋಡಿದ್ದರು. ಬೆಳಗಿನ ಮೊದಲ ಬಸ್ಸಿಗೆ ಮದ್ದೂರಿಗೆ ಬಂದು, ದಂಟು, ಕೀರೆ, ಮೆಂತ್ಯ ಮಾರಿ, ಖಾಲಿ ಮಂಕರಿ ಜೊತೆ ನನ್ನ ಬಸ್ಸಿನಲ್ಲಿ ಊರಿಗೆ ವಾಪಸ್ಸಾಗುವ ಒಬ್ಬ ಅಜ್ಜಿ. ಹುಣಸೆಮರ, ಮುಂದಿನ ಊರು ಎರಡನ್ನೂ ದಾಟಿದ ಮೇಲೆ, ನಾಲೆಯ ತೂಬಿನ ಹತ್ತಿರ ಇಳಿಯುವವರು. ಕಂಡಕ್ಟರು ಆಧಾರ್ ಕೇಳಿದರೆ, "ದಿನಾ ನನ್ ಮೊಕ ನೋಡ್ತೀಯ, ಅದ್ರಾಗಿರೋದೂ ಇದೇ ಮೊಕ, ಹರಿ ಚೀಟಿಯ" ಎಂದು ದಬಾಯಿಸುವವರು. ನಮ್ಮಿಬ್ಬರದೂ ಒಂದೇ ಸೀಟು, ಆದರೆ ಅಲ್ಲಿಯವರೆಗೆ ನಮ್ಮ ಮಾತುಕತೆ ಸೊಪ್ಪಿನ ರೇಟು ದಾಟಿರಲಿಲ್ಲ.

ಮಾರನೆಯ ದಿನ ಹುಣಸೆಮರ ಕಾಣುತ್ತಿದ್ದ ಹಾಗೆ ಅಜ್ಜಿ ನನ್ನ ಮೊಣಕೈ ಹಿಡಿದು ಎಬ್ಬಿಸಿ, "ಓಲ್ಡಾನ್ ಕಣಪ್ಪೋ! ಟೀಚರಮ್ಮ ಇಳೀತಾವ್ರೆ!" ಎಂದರು. ಮುಂದಿನ ಸೀಟಿನಿಂದ ಓಲ್ಡಾನ್, ಅದರ ಮುಂದಿನಿಂದ ಓಲ್ಡಾನ್. ಬಸ್ಸು ಮರದ ಬುಡದಲ್ಲೇ ನಿಂತಿತು. ನಾನು ಕೆಳಗಿಳಿದು ಕಿಟಕಿಯ ಕಡೆ ಕೈಮುಗಿದೆ. ಅಜ್ಜಿಗೆ ಸಿಟ್ಟು ಬಂತು. "ಅದ್ಯಾಕಮ್ಮ ಕೈ ಮುಗೀತೀಯ? ಬಾಯೇನು ಬಾಡಿಗೇಗೆ ತಂದಿದ್ದೀನಾ? ಓಗು, ಗಂಟ್ಲಿಗೆ ಡಾಕುಟ್ರ ತಾವ ತೋರ್ಸ್ಕೊ."

ತೋರಿಸಿಕೊಂಡೆ. ಮಂಡ್ಯದ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಟಿವಿಯಲ್ಲಿ ನನಗೇ ನನ್ನ ಗಂಟಲು ತೋರಿಸಿದರು. ದನಿ ಹೊರಡುವ ಕಡೆ ಒಂದು ಗಂಟು. ಗಾಬರಿಪಡುವಂಥ ಗಂಟಲ್ಲ, ವರ್ಷಗಟ್ಟಲೆ ಕೂಗಿ ಕೂಗಿ ಬಂದದ್ದು, ತೆಗೆದುಬಿಡೋಣ ಎಂದರು. ಆಮೇಲೆ ಮೊದಲಿನ ದನಿ ಬರುತ್ತದಾ ಎಂದು ಸನ್ನೆಯಲ್ಲಿ ಕೇಳಿದೆ. "ದನಿ ಬರುತ್ತೆ. ಮೊದಲಿನದು ಅಂತ ಹೇಳಲ್ಲ" ಎಂದರು. ಒಳ್ಳೆಯ ಡಾಕ್ಟರು, ಸುಳ್ಳು ಹೇಳಲಿಲ್ಲ. ಅವತ್ತು ಮಾತ್ರ ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಅನಿಸಿತು.

ಆಪರೇಷನ್ ದಿನ ಬರುವವರೆಗೂ ಹುಣಸೆಮರದ ಹತ್ತಿರ ದಿನಾ ನನಗಾಗಿ ಕೂಗಿದ್ದು ಆ ಅಜ್ಜಿಯೇ. ಆಪರೇಷನ್ ಆಯಿತು. ಸುಮಾರು ದಿನ ಮಾತೇ ಕೂಡದು ಎಂದಿದ್ದರು. ಪಿಸುಮಾತು ಕೂಡ ಗಂಟಲಿಗೆ ಕೆಟ್ಟದ್ದಂತೆ. ನನ್ನಂಥವಳನ್ನು ಮನೆಯಲ್ಲಿ ಬಾಯಿ ಮುಚ್ಚಿಸಿ ಕೂರಿಸಿದರೆ ಹೇಗಿರುತ್ತದೆ! ನಮ್ಮ ಯಜಮಾನರಿಗೆ ಮದ್ದೂರಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಅವರು ಸಾಧು ಮನುಷ್ಯ, ಮದುವೆಯಾದಾಗಿನಿಂದ ಮನೆಯಲ್ಲಿ ಮಾತಿನ ಇಲಾಖೆ ನನ್ನದೇ. ಈಗ ಜಗಳಕ್ಕೂ ದಾರಿ ಇಲ್ಲ. ಸೀಯಿಸಿದ ಉಪ್ಪಿಟ್ಟನ್ನು ತಟ್ಟೆಗೆ ಹಾಕಿ ಎದುರಿಗಿಟ್ಟರೆ ಬಯ್ಯುವಂತಿಲ್ಲ. ಸ್ಟೀಲ್ ಲೋಟವನ್ನು ಚಮಚದಿಂದ ಟಣಟಣ ಬಡಿಯುತ್ತಿದ್ದೆ. ಅವರು ಒಳಗಿಂದ ಬಂದು, "ಇದು ಕಾಫಿ ಬೇಕು ಅನ್ನೋ ಬಡಿತವಾ, ನಿನ್ನ ಮುಖ ನೋಡೋಕಾಗಲ್ಲ ಅನ್ನೋ ಬಡಿತವಾ?" ಎಂದು ಕೇಳುತ್ತಿದ್ದರು. ನಗು ಬರುತ್ತಿತ್ತು. ನಗಲೂ ಹೆದರಿಕೆ.

ಮಾತಾಡಬಹುದು, ಆದರೆ ಮೆಲ್ಲಗೆ, ಸ್ವಲ್ಪ ಸ್ವಲ್ಪ ಎಂದು ಡಾಕ್ಟರು ಹೇಳಿದ ದಿನ ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡೆ. ಕನ್ನಡಿಯ ಮುಂದೆ ನಿಂತು ನನ್ನ ಹೆಸರು ಹೇಳಿ ನೋಡಿದೆ. ಗಾಳಿ. ಇನ್ನೊಂದು ಸಲ. ಒಡೆದ ತಗಡಿನ ಹಾಗೆ ಏನೋ ಕಿರ್ ಎಂದು ನಿಂತುಹೋಯಿತು. ಇದು ನನ್ನ ದನಿಯಲ್ಲ, ಯಾರದ್ದೋ. ಆಮೇಲೆ ಎಷ್ಟೋ ದಿನ ನಾನು ಬಾಯಿ ತೆರೆಯಲೇ ಇಲ್ಲ. ಡಾಕ್ಟರು ಕೊಟ್ಟ ಗಂಟಲಿನ ಅಭ್ಯಾಸ ಮಾಡುತ್ತೇನೆ ಎಂದು ಯಜಮಾನರಿಗೆ ತಲೆ ಆಡಿಸಿ, ಮಾಡುತ್ತಿರಲಿಲ್ಲ. ಬಾಯಿ ತೆರೆದರೆ ತಾನೇ ದನಿ ಇಲ್ಲ ಅಂತ ಗೊತ್ತಾಗುವುದು.

ರಜೆ ಮುಗಿಯುತ್ತಾ ಬಂದಾಗ ಹೆಡ್‌ಮಾಸ್ಟರು ಸೇಬು, ದಾಳಿಂಬೆ ಹಿಡಿದು ಮನೆಗೆ ಬಂದರು. ತುಂಬ ಹೊತ್ತು ಮಳೆ ಬೆಳೆ ಮಾತಾಡಿದರು. ಕೊನೆಗೆ ಕಾಫಿ ಲೋಟ ಕೆಳಗಿಟ್ಟು, "ಮೇಡಂ, ಬಲವಂತ ಇಲ್ಲ. ಮದ್ದೂರಿನಲ್ಲೇ ನಮ್ಮ ಇಲಾಖೆಯ ಆಫೀಸಿನಲ್ಲಿ ಒಂದು ಕೆಲಸ ಇದೆ. ಕೂತು ಬರೆಯೋದು, ಮಾತು ಬೇಕಿಲ್ಲ. ಬಸ್ಸೂ ತಪ್ಪುತ್ತೆ. ನಿಮ್ಮ ಜಾಗಕ್ಕೆ ಬೇರೆಯವರನ್ನ ಹಾಕಿಸ್ತೀನಿ. ಸೋಮವಾರ ಒಂದು ಮಾತು ತಿಳಿಸಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವರು ಹೋದ ಮೇಲೆ ಯಜಮಾನರು, "ಒಪ್ಕೊಳ್ಳೇ. ಇನ್ನೆಷ್ಟು ಕೂಗ್ತೀಯ" ಎಂದರು. ಅವರದ್ದೂ ಒಳ್ಳೆಯ ಮನಸ್ಸೇ. ಎಲ್ಲರೂ ಒಳ್ಳೆಯವರಾಗಿಬಿಟ್ಟರೆ ಯಾರ ಮೇಲೆ ಕೋಪ ಮಾಡಿಕೊಳ್ಳುವುದು?

ಬಚ್ಚಲಿಗೆ ಹೋಗಿ ಅತ್ತೆ. ಯಾರಿಗೂ ಕೇಳಿಸಬಾರದು ಎಂದು ನಲ್ಲಿ ಬಿಟ್ಟೆ. ಆಮೇಲೆ ಹೊಳೆಯಿತು, ನನ್ನ ಅಳುವಿಗೂ ಸದ್ದಿರಲಿಲ್ಲ, ನೀರು ದಂಡ. ಆಫೀಸಿನ ಕೆಲಸ ಕೀಳು ಅಂತಲ್ಲ. ಆದರೆ ಒಂಬತ್ತನೇ ಕ್ಲಾಸಿನ ಮಕ್ಕಳು ಮೊದಲ ಸಲ ಒಂದು ಇಂಗ್ಲಿಷ್ ವಾಕ್ಯವನ್ನು ತಾವೇ ಕಟ್ಟಿ, ಅದು ಸರಿ ಇದೆ ಎಂದು ಗೊತ್ತಾದಾಗ ಅವುಗಳ ಮುಖ ಹೇಗಾಗುತ್ತದೆ ಎಂದು ನೀವು ನೋಡಿಲ್ಲ. ಅದನ್ನು ಬಿಟ್ಟು ನನಗೆ ಬದುಕಿನಲ್ಲಿ ಬೇರೇನೂ ಬರುವುದಿಲ್ಲ. ಮಾತಿಲ್ಲದ ಟೀಚರನ್ನು ಇಟ್ಟುಕೊಂಡು ಆ ಮಕ್ಕಳು ಏನು ಮಾಡಬೇಕು? ಶನಿವಾರದ ಹೊತ್ತಿಗೆ ನಾನು ಹೆಚ್ಚುಕಡಿಮೆ ಒಪ್ಪಿಬಿಟ್ಟಿದ್ದೆ.

ಭಾನುವಾರ ಮಳವಳ್ಳಿಯಲ್ಲಿ ಯಜಮಾನರ ತಂಗಿಯ ಮೊಮ್ಮಗುವಿಗೆ ನಾಮಕರಣ. ಅಂಗಡಿಯಲ್ಲಿ ಕೆಲಸವಿದೆ, ಮಧ್ಯಾಹ್ನಕ್ಕೆ ಬರುತ್ತೇನೆ ಎಂದು ಯಜಮಾನರು ನನ್ನನ್ನು ಮುಂಚೆಯೇ ಬಸ್ಸು ಹತ್ತಿಸಿದರು. ಅದೇ ಬಸ್ಸು. ಅದೇ ಅಜ್ಜಿ, ಖಾಲಿ ಮಂಕರಿ ತೊಡೆಯ ಮೇಲೆ. ಸರಿದು ಜಾಗ ಕೊಟ್ಟು, "ಬಂದ್ಯಾ ನಮ್ಮವ್ವ! ಎಂಗದೆ ಗಂಟ್ಲು?" ಎಂದರು. ಕೈ ಆಡಿಸಿದೆ. "ಯಾಕೆ, ದನಿ ಇನ್ನೂ ಬುಡ್ಲಿಲ್ವಾ?" ತಲೆ ಆಡಿಸಿದೆ. ಅಜ್ಜಿ ಸೊಂಟದ ಚೀಲ ತೆಗೆದು ಎಲೆಗೆ ಸುಣ್ಣ ಹಚ್ಚತೊಡಗಿದರು.

ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಯಾವುದೋ ಊರಿನ ಬೀಗರೂಟಕ್ಕೆ ಹೊರಟ ಜನ. ಮುದ್ದೆ ಮೆತ್ತಗಿರಬೇಕೋ ಗಟ್ಟಿಯಾಗಿರಬೇಕೋ ಎಂದು ಗಂಡಸರದ್ದು ಒಂದು ಕಡೆ ಗಲಾಟೆ, ಸೀರೆ ಬಣ್ಣದ ವಿಷಯಕ್ಕೆ ಹೆಂಗಸರದ್ದು ಇನ್ನೊಂದು ಕಡೆ. ಜಡಿಮಳೆ ಹಿಡಿದಿದ್ದರಿಂದ ಕಿಟಕಿಗಳನ್ನೆಲ್ಲ ಎಳೆದು ಹಾಕಿದ್ದರು. ಕಂಡಕ್ಟರು ಮುಂದೆ ಎಲ್ಲೋ ಜನರ ನಡುವೆ ಸಿಕ್ಕಿಕೊಂಡಿದ್ದರು, ತಲೆ ಮಾತ್ರ ಕಾಣುತ್ತಿತ್ತು. ಹುಣಸೆಮರ ಬಂತು, ಹೋಯಿತು. ಮರದ ಆಚೆ ಸ್ಕೂಲಿನ ಕಾಂಪೌಂಡು ಮಳೆಯಲ್ಲಿ ನೆನೆಯುತ್ತಿತ್ತು. ಇನ್ನು ಇಲ್ಲಿ ಇಳಿಯುವ ಕೆಲಸವಿಲ್ಲ ಎಂದುಕೊಂಡು ಮುಖ ತಿರುಗಿಸಿಕೊಂಡೆ.

ಸ್ವಲ್ಪ ದೂರ ಹೋದ ಮೇಲೆ ಅಜ್ಜಿ ನನ್ನ ತೊಡೆಗೆ ಪಟಪಟ ಬಡಿದರು. ನೋಡಿದರೆ ಕಣ್ಣು ಅಗಲವಾಗಿವೆ, ಕೆನ್ನೆ ಎರಡೂ ಉಬ್ಬಿವೆ. ಬಾಯಿ ತುಂಬ ಎಲೆಯಡಿಕೆಯ ರಸ. ಉಗುಳೋಣ ಎಂದರೆ ಕಿಟಕಿಯ ಗಾಜು ಜಗ್ಗುತ್ತಿಲ್ಲ. ಜೋತುಬಿದ್ದು ಎಳೆದರೂ ಬರಲಿಲ್ಲ. ನುಂಗಲೂ ಆಗದು. ಬಾಯಿ ತೆರೆದರೆ ಮುಂದಿನ ಸೀಟಿನ ಹೆಂಗಸಿನ ರೇಷ್ಮೆ ಸೀರೆಯ ಕತೆ ಮುಗಿಯಿತು. ತೂಬು ಹತ್ತಿರವಾಗುತ್ತಿದೆ. ತೂಬು ತಪ್ಪಿದರೆ ಆ ಮಂಡಿನೋವಿನಲ್ಲಿ, ಮಳೆಯಲ್ಲಿ, ಮಂಕರಿ ಹೊತ್ತು ಅಷ್ಟು ದೂರ ನಡೆಯಬೇಕು. ಅಜ್ಜಿ "ಉಂ! ಉಂ!" ಎಂದು ನನಗೆ ಮುಂದೆ ಕೈ ತೋರಿಸಿದರು.

ನಾನು ನನ್ನ ಗಂಟಲು ತೋರಿಸಿದೆ. ಅಜ್ಜಿ ತಮ್ಮ ಕೆನ್ನೆ ತೋರಿಸಿದರು. ನಾನು ಮತ್ತೆ ಗಂಟಲು ತೋರಿಸಿದೆ. ಅಜ್ಜಿ ಕಣ್ಣು ಕೆಂಪಗೆ ಮಾಡಿಕೊಂಡು, ನೀನೂ ಒಬ್ಬಳು ಹೆಂಗಸಾ ಅನ್ನುವ ಹಾಗೆ ನನ್ನ ಭುಜಕ್ಕೊಂದು ಕುಕ್ಕಿದರು. ಕಂಡಕ್ಟರ ಕಡೆ ಕೈ ಬೀಸಿದೆ, ನೋಡಲಿಲ್ಲ. ಮುಂದಿನ ಹೆಂಗಸಿನ ಬೆನ್ನು ತಟ್ಟಿದೆ. ಜಾಗ ಕೇಳುತ್ತಿದ್ದೇನೆ ಅಂದುಕೊಂಡು ಅವರು ಸೆರಗು ಸರಿಸಿಕೊಂಡು ಮತ್ತೆ ಮಾತಿಗೆ ಬಿದ್ದರು. ಗಾಜಿನಾಚೆ ನಾಲೆಯ ಏರಿ ಕಾಣಿಸಿತು. ಇಷ್ಟು ದಿನ ನನಗಾಗಿ ಬಾಯಿ ನೋಯಿಸಿಕೊಂಡ ಮುದುಕಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಗಂಟಲ ಮೇಲೆ, ಗಾಜಿನ ಮೇಲೆ, ಆ ಬೀಗರೂಟದ ಮೇಲೆ.

"ಓಲ್ಡಾನ್" ಎಂದೆ.

ಹೌದು, ಹ ಇರಲಿಲ್ಲ. ಇದ್ದಬದ್ದ ಉಸಿರನ್ನೆಲ್ಲ ಹ ಎಂದು ಕಳೆದುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒರಟು ದನಿ, ತಗ್ಗಿದ ದನಿ, ಮಧ್ಯೆ ಒಂದು ಕಡೆ ಒಡೆದ ದನಿ. ಆದರೆ ದನಿ. ನನ್ನ ಎದುರಿನ ಹೆಂಗಸಿಗೆ ಮಾತ್ರ ಕೇಳುವಷ್ಟು. ಅವರು ತಿರುಗಿಯೂ ನೋಡಲಿಲ್ಲ. ಸೀರೆಯ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಮುಂದಕ್ಕೆ ಕತ್ತು ಚಾಚಿ "ಓಲ್ಡಾನ್!" ಎಂದು ಹೇಳಿ, ಮತ್ತೆ ಸೀರೆಗೆ ವಾಪಸ್ಸಾದರು. ಅವರ ಮುಂದಿನ ಗಂಡಸು ಮುದ್ದೆಯ ವಾದದ ನಡುವೆಯೇ "ಓಲ್ಡಾನ್ ಕಣಣ್ಣೋ" ಎಂದರು. ಅಲ್ಲಿಂದ ಮುಂದೆ ನಿಂತವರು, ಅವರ ಮುಂದೆ ಕೂತವರು. ಕೊನೆಗೆ ಕಂಡಕ್ಟರ ತಲೆ "ಓಲ್ಡಾನ್, ಓಲ್ಡಾನ್" ಎಂದಿತು. ಬಸ್ಸು ಕಿರ್ರೆಂದು ತೂಬಿನ ಎದುರಿಗೆ ನಿಂತಿತು.

"ಯಾರು ಇಳಿಯೋರು? ಯಾರ್ರೀ ಕೂಗಿದ್ದು?" ಎಂದು ಕಂಡಕ್ಟರು ಕೇಳಿದರು. ಮುಂದಿನವರು ಹಿಂದಕ್ಕೆ ಬೆರಳು ತೋರಿಸಿದರು, ಅವರು ತಮ್ಮ ಹಿಂದಕ್ಕೆ, ಅವರು ಇನ್ನೂ ಹಿಂದಕ್ಕೆ. ಬೆರಳುಗಳೆಲ್ಲ ಬಂದು ನನ್ನ ಹತ್ತಿರ ನಿಂತವು. ಕಂಡಕ್ಟರು ಬಾಯಿ ಬಿಟ್ಟುಕೊಂಡು, "ಮೇಡಂ, ನೀವಾ!" ಎಂದರು. ನಾನು ಹೌದೆಂದೆ. ತಲೆ ಆಡಿಸಲಿಲ್ಲ, ಬಾಯಲ್ಲೇ "ಹೂಂ" ಎಂದೆ. ಅದೂ ಕೇಳಿಸಿತು.

ಅಜ್ಜಿ ಜನರನ್ನು ತಳ್ಳಿಕೊಂಡು ಇಳಿದು, ಮೊದಲು ಬೇಲಿಯ ಬುಡಕ್ಕೆ ಉಗುಳಿ, ಬಾಯಿ ಒರೆಸಿಕೊಂಡು, ಮಂಕರಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ನನ್ನ ಕಿಟಕಿಯ ಕೆಳಗೆ ಬಂದರು. ಗಾಜಿನ ಆಚೆಯಿಂದ ಕೂಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಅಷ್ಟು ಮೆಲ್ಲಗೆ ಯೋಳುದ್ರೂ ನಿಂತ್ಕತ್ತಲ್ಲವ್ವ ಬಸ್ಸು! ಮತ್ಯಾಕೆ ಮೂಗಿ ಅಂಗೆ ಕುಂತಿದ್ದೆ?"

ಮಳವಳ್ಳಿಯವರೆಗೂ ಆ ಮಾತು ನನ್ನ ತಲೆಯಲ್ಲಿ ಓಡುತ್ತಲೇ ಇತ್ತು. ನಾಮಕರಣದ ಮನೆಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಕಿವಿಯಲ್ಲಿ ಹೆಸರು ಹೇಳಲು ನನ್ನನ್ನೂ ಕರೆದರು. ಹೇಳಿದೆ. ಆ ಕೆಲಸಕ್ಕೆ ನನ್ನ ಹಳೆಯ ದನಿ ಆಗುತ್ತಿರಲಿಲ್ಲ, ಮಗು ಕಿಟಾರನೆ ಕಿರುಚಿಕೊಳ್ಳುತ್ತಿತ್ತು. ಈಗ ಸುಮ್ಮನೆ ನನ್ನ ಮುಖ ನೋಡಿತು. ಮಧ್ಯಾಹ್ನ ಬಂದ ಯಜಮಾನರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ, "ರೀ, ಲೇಟಾಯ್ತಲ್ಲ" ಎಂದೆ. ಅವರು ಒಂದು ಚಪ್ಪಲಿಯಲ್ಲೇ ನಿಂತುಬಿಟ್ಟರು. ಕಣ್ಣಲ್ಲಿ ನೀರು ತುಂಬಿಕೊಂಡು, "ಮುಗೀತು ನನ್ನ ನೆಮ್ಮದಿ" ಎಂದರು.

ಸೋಮವಾರ ಹೆಡ್‌ಮಾಸ್ಟರ ಮುಂದೆ ನಿಂತು, "ಕ್ಲಾಸಿಗೇ ಹೋಗ್ತೀನಿ ಸಾರ್" ಎಂದೆ. ಅವರಿಗೆ ಕೇಳಲು ಮೇಜಿನ ಮೇಲೆ ಬಗ್ಗಬೇಕಾಯಿತು. "ಮೇಡಂ, ಈ ದನಿಯಲ್ಲಿ ಹಿಂದಿನ ಬೆಂಚಿಗೆ..." ಎಂದು ಎಳೆದರು. "ಒಂದು ತಿಂಗಳು ನೋಡಿ ಸಾರ್. ಆಗದಿದ್ದರೆ ನೀವು ಹೇಳಿದ ಹಾಗೆ ಕೇಳ್ತೀನಿ." ಅವರು ಆಗಲಿ ಎಂದರು.

ಒಂಬತ್ತನೇ ಕ್ಲಾಸು. ಮಕ್ಕಳೆಲ್ಲ ಎದ್ದು ನಿಂತು ಮಾಮೂಲಿಗಿಂತ ಉದ್ದವಾಗಿ ಗುಡ್ ಮಾರ್ನಿಂಗ್ ಹೇಳಿದವು. ಕೂರಲು ಸನ್ನೆ ಮಾಡಿ, ಮುಂದಿನ ಬೆಂಚಿನ ಹತ್ತಿರ ಹೋಗಿ ಹೇಳಿದೆ. "ನನ್ನ ದನಿ ಇನ್ನು ಇಷ್ಟೇ. ನೀವು ಬಸ್ಸಿನಲ್ಲಿ ಏನು ಮಾಡ್ತೀರೋ ಅದನ್ನೇ ಇಲ್ಲಿ ಮಾಡಬೇಕು. ಕೇಳಿಸಿಕೊಂಡವರು ಹಿಂದಕ್ಕೆ ದಾಟಿಸಿ." ಮುಂದಿನ ಬೆಂಚು ತಿರುಗಿ ಎರಡನೆಯದಕ್ಕೆ ಹೇಳಿತು, ಎರಡನೆಯದು ಮೂರನೆಯದಕ್ಕೆ. ಕೊನೆಯ ಬೆಂಚಿಗೆ ಅದು ಮುಟ್ಟಿದಾಗ ಅಲ್ಲಿ ಒಂದು ಖುಷಿಯ ಗದ್ದಲವೇ ಎದ್ದಿತು.

ಮೊದಮೊದಲು ಪೇಚಾಟವೇ. ನಾನು ಕಳಿಸಿದ ವಾಕ್ಯ ಹಿಂದಿನ ಬೆಂಚಿಗೆ ಹೋಗುವ ಹೊತ್ತಿಗೆ ಬಾಲ ಕಳೆದುಕೊಂಡಿರುತ್ತಿತ್ತು. ಎಲ್ಲಿ ಉದುರಿತು ಎಂದು ಬೆಂಚು ಬೆಂಚಿಗೂ ಹುಡುಕುತ್ತಿದ್ದವು. "ನಾನು ಸರಿಯಾಗೇ ಕೊಟ್ಟೆ ಕಣೇ, ನೀನೇ ಬೀಳ್ಸಿದ್ದು" ಎಂದು ಜಗಳ ಆಡುತ್ತಿದ್ದವು. ಕ್ರಿಯಾಪದಕ್ಕಾಗಿ ಮಕ್ಕಳು ಜಗಳ ಆಡುವುದನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ನಾನು ಮೈಕಿನ ಹಾಗೆ ಕಿರುಚುತ್ತಿದ್ದಾಗ ಹಿಂದಿನ ಬೆಂಚು ಹಾಯಾಗಿ ತೂಕಡಿಸುತ್ತಿತ್ತು. ಈಗ ಮುಂದಕ್ಕೆ ಬಗ್ಗಿ, ಕಿವಿಗೆ ಕೈ ಕೊಟ್ಟು ಕಾಯುತ್ತದೆ. ಗಣಿತದ ಮೇಷ್ಟ್ರು ಮಾತ್ರ, "ಗೋಡೆಯಾಚೆ ಬಿಕೋ ಅನ್ನುತ್ತೆ ಮೇಡಂ" ಎನ್ನುತ್ತಾರೆ. ತಿಂಗಳು ಕಳೆಯಿತು. ಹೆಡ್‌ಮಾಸ್ಟರು ಒಂದು ದಿನ ಬಂದು ಕೊನೆಯ ಬೆಂಚಿನಲ್ಲಿ ಕೂತು, ತಮಗೆ ಬಂದ ವಾಕ್ಯವನ್ನು ಪಕ್ಕದ ಹುಡುಗಿಗೆ ಜೋಪಾನವಾಗಿ ದಾಟಿಸಿ ಎದ್ದು ಹೋದರು. ಆಫೀಸಿನ ಮಾತು ಆಮೇಲೆ ಎತ್ತಲಿಲ್ಲ.

ಅವತ್ತು ಅವರು ಹೋದ ಮೇಲೆ ನನಗೆ ಹುರುಪು ಬಂದು, ಪದ್ಯದ ಸಾಲುಗಳನ್ನು ಸ್ವಲ್ಪ ಬೇಗ ಬೇಗ ಹೇಳುತ್ತಾ ಹೋದೆ. ಒಂದು ಸಾಲು ದಾರಿಯಲ್ಲಿರುವಾಗಲೇ ಇನ್ನೊಂದು. ಹಿಂದಿನಿಂದ ಆ ಹುಡುಗಿ ಧಡಾರನೆ ಎದ್ದು ನಿಂತು ಕೈ ಮೇಲೆತ್ತಿದಳು.

"ಓಲ್ಡಾನ್ ಮೇಡಂ! ನಮ್ಗಿನ್ನೂ ಬಂದಿಲ್ಲ!"

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಈಗ ಹ ಬೀಳುತ್ತದೆ, ಡಿಕ್ಷನರಿ ಬೀಳುತ್ತದೆ ಎಂದು ಕಾದವು. ಅಭ್ಯಾಸಬಲದಿಂದ ಬಾಯಿ ತೆರೆದದ್ದೂ ನಿಜ. ಆದರೆ ಎಲ್ಲರಿಗಿಂತ ಹಿಂದೆ ಕೂತ ಹುಡುಗಿ ತನ್ನ ಪಾಲಿನ ಮಾತನ್ನು ಎದ್ದು ನಿಂತು ಕೇಳುತ್ತಿದ್ದಾಳೆ. ಅದರಲ್ಲಿ ತಿದ್ದುವುದಕ್ಕೆ ಏನಿದೆ?

ನಿಂತೆ. ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡು, ಸಾಲು ಬೆಂಚಿನಿಂದ ಬೆಂಚಿಗೆ ದಾಟಿ ಅವಳ ಹತ್ತಿರ ಹೋಗುವವರೆಗೂ ನಿಂತೇ ಇದ್ದೆ. ಅವಳು ಕೇಳಿಸಿಕೊಂಡಳು, ತುಟಿ ಆಡಿಸಿ ಒಂದು ಸಲ ಹೇಳಿಕೊಂಡಳು, ಆಮೇಲೆ ನನ್ನ ಕಡೆ ನೋಡಿ ಥೇಟ್ ಕಂಡಕ್ಟರ ಹಾಗೆ ಕೈ ಬೀಸಿದಳು.

"ಬಂತು ಮೇಡಂ. ರೈಟ್, ರೈಟ್!"

ನಾನು ಮುಂದಿನ ಸಾಲಿಗೆ ಹೋದೆ.